ತೇರಿನ ಬೀದಿಯ ತಿಂಡಿ ಗಾಡಿಗಳೂ ನಮ್ಮ ಕಾಫಿಯೂ

ಬೇಲೂರಿನ ತೇರಿಗೆ ಹೋಗಿ ಬಂದವರನ್ನು "ದರ್ಶನ ಚೆನ್ನಾಗಿ ಆಯಿತೆ?" ಎಂದು ಕೇಳಿದ ಮೇಲೆ ಕೇಳುವ ಎರಡನೆಯ ಪ್ರಶ್ನೆ "ಏನು ತಿಂದಿರಿ?" ಎಂಬುದು. ಹಿಂದೆ ಇದಕ್ಕೆ ಉತ್ತರ ಸುಲಭವಾಗಿತ್ತು. ಕಡ್ಲೆಪುರಿ, ಖಾರ, ಬೆಂಡು ಬತ್ತಾಸು, ಮೆಣಸಿನಕಾಯಿ ಬಜ್ಜಿ, ಬಿಸಿಲಿಗೆ ಒಂದು ಲೋಟ ಪಾನಕ, ಇಷ್ಟು ಹೇಳಿದರೆ ಮುಗಿಯಿತು. ಈ ಸಲ ನಮ್ಮ ಹಿರಿಯ ಸದಸ್ಯರೊಬ್ಬರನ್ನು ಕೇಳಿದಾಗ ಅವರು ಸ್ವಲ್ಪ ತಡೆದು, "ಹೆಸರು ಬರೋದಿಲ್ಲ ಸೆಕ್ರೆಟ್ರಿಗಳೇ, ಮೊಮ್ಮಗ ಕೊಡಿಸಿದ, ಲಾರಿ ಒಳಗೆ ಮಾಡ್ತಿದ್ರು" ಎಂದರು.

ಆ 'ಲಾರಿ'ಗಳನ್ನು ಕುರಿತೇ ಈ ಲೇಖನ. ಪಟ್ಟಣದವರು ಇವನ್ನು ಫುಡ್ ಟ್ರಕ್ ಎನ್ನುತ್ತಾರೆ. ಸಣ್ಣ ಸರಕು ಗಾಡಿಯ ಹಿಂಭಾಗಕ್ಕೆ ತಗಡಿನ ಗೂಡು ಕಟ್ಟಿ, ಒಳಗೆ ಒಲೆ, ತವ, ನೀರಿನ ಪೀಪಾಯಿ, ಶೀತಪೆಟ್ಟಿಗೆ ಇಟ್ಟು, ಪಕ್ಕದ ಬಾಗಿಲನ್ನು ಮೇಲಕ್ಕೆತ್ತಿದರೆ ಅದೇ ಹೋಟೆಲು. ತಳ್ಳುಗಾಡಿಗೂ ಇದಕ್ಕೂ ಇರುವ ವ್ಯತ್ಯಾಸ ಚಕ್ರದ್ದಲ್ಲ, ದರಪಟ್ಟಿಯದು.

ಸಂಘದ ಪತ್ರಿಕೆಯಲ್ಲಿ ತಿಂಡಿಯ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಕಾರಣವಿದೆ. ನಮ್ಮ ಮೂವರು ಯುವ ಸದಸ್ಯರು ಆಡಳಿತ ಮಂಡಳಿಗೆ ಒಂದು ಅರ್ಜಿ ಕೊಟ್ಟಿದ್ದಾರೆ. ಸಂಘವು ಇಂಥದೊಂದು ಗಾಡಿಯನ್ನು ಕೊಂಡು, ಬೇಲೂರು, ಹಳೇಬೀಡು, ಅರಸೀಕೆರೆಗಳಲ್ಲಿ ನಮ್ಮದೇ ತೋಟದ ಕಾಫಿಯನ್ನು ಮಾಡಿ ಮಾರಬೇಕು ಎಂಬುದು ಅವರ ಕೋರಿಕೆ. ಹಳೆಯ ಗಾಡಿ, ಅದರ ಮೇಲ್ಕಟ್ಟು, ಪಾತ್ರೆ ಪಡಗ ಎಲ್ಲ ಸೇರಿ 6 ಲಕ್ಷ ರೂಪಾಯಿ ಎಂದು ಅಂದಾಜು ಪಟ್ಟಿಯನ್ನೂ ಲಗತ್ತಿಸಿದ್ದಾರೆ. 6 ಲಕ್ಷವೆಂದರೆ ನಮ್ಮ ಸಂಘಕ್ಕೆ ಸಣ್ಣ ಮೊತ್ತವಲ್ಲ. ಗೊಬ್ಬರ ದಾಸ್ತಾನಿಗೆ ನಾವು ಪ್ರತಿ ವರ್ಷ ಎಷ್ಟು ಪರದಾಡುತ್ತೇವೆ ಎಂಬುದು ಸದಸ್ಯರಿಗೆ ತಿಳಿದದ್ದೆ. ವಿಷಯ ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಗೆ ಬರಲಿದೆ. ಅದಕ್ಕೆ ಮುಂಚೆ ಕಣ್ಣಾರೆ ನೋಡಿ, ಬಾಯಾರೆ ತಿಂದು ವರದಿ ಕೊಡಬೇಕೆಂದು ಮಂಡಳಿ ನನಗೆ ಒಪ್ಪಿಸಿತು. ಮೂವತ್ತು ವರ್ಷದ ಸಹಕಾರಿ ಸೇವೆಯಲ್ಲಿ ಇಷ್ಟು ರುಚಿಯಾದ ಕರ್ತವ್ಯ ನನ್ನ ಪಾಲಿಗೆ ಬಂದದ್ದು ಇದೇ ಮೊದಲು.

ಚೆನ್ನಕೇಶವನ ತೇರು ನಡೆಯುವುದು ಚೈತ್ರದಲ್ಲಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ದೇವರಿಗೆ ಜನ ಸೇರುವುದು ಹೊಸದಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಹೊರಗಿನವರೂ ಈ ಕಡೆ ಮುಖ ಮಾಡಿದ್ದಾರೆ. ತೇರಿನ ಎರಡು ಸಂಜೆಯೂ ನಾನು ಹೋದೆ. ಜೊತೆಗೆ ಅರೇಹಳ್ಳಿ ಕಡೆಯ ನಮ್ಮ ಹಿರಿಯ ನಿರ್ದೇಶಕರು ಮತ್ತು ಅರ್ಜಿ ಕೊಟ್ಟ ಮೂವರಲ್ಲಿ ಇಬ್ಬರು. ದೇವಸ್ಥಾನಕ್ಕೆ ಹೋಗುವ ಹಾದಿಯ ಪಕ್ಕದ ಬಯಲಿನಲ್ಲಿ ಒಂಬತ್ತು ಗಾಡಿಗಳು ಸಾಲಾಗಿ ನಿಂತಿದ್ದವು. ಹಾಸನದವು ನಾಲ್ಕು, ಬೆಂಗಳೂರು ಕಡೆಯವು ಮೂರು, ಚಿಕ್ಕಮಗಳೂರಿನದು ಒಂದು. ಬೇಲೂರು ತಾಲ್ಲೂಕಿನದು ಒಂದೇ ಒಂದು. ತಳ್ಳುಗಾಡಿಗಳನ್ನು ನಾನು ಎಣಿಸಲಿಲ್ಲ. ಅವು ಲೆಕ್ಕಕ್ಕೆ ಸಿಗುವಷ್ಟಿರಲಿಲ್ಲ.

ಮೊದಲು ಮೋಮೋ ಗಾಡಿ. ಮೈದಾ ಹಿಟ್ಟಿನ ತೆಳು ಹಾಳೆಯೊಳಗೆ ಎಲೆಕೋಸು, ಕ್ಯಾರೆಟ್ ತುಂಬಿ ಹಬೆಯಲ್ಲಿ ಬೇಯಿಸಿ, ಪಕ್ಕಕ್ಕೆ ಕೆಂಪು ಚಟ್ನಿ ಹಾಕಿಕೊಡುತ್ತಾರೆ. ಆರಕ್ಕೆ 80 ರೂಪಾಯಿ. ನಮ್ಮ ನಿರ್ದೇಶಕರು ಒಂದನ್ನು ಬಾಯಿಗೆ ಹಾಕಿಕೊಂಡು, "ಇದು ನಮ್ಮ ಕಡುಬಿನ ದಾಯಾದಿ ಕಣ್ರೀ" ಎಂದು ತೀರ್ಪು ಕೊಟ್ಟರು. ದಾಯಾದಿ ದೂರದವನಾದರೂ ಕರ್ನಾಟಕಕ್ಕೆ ಹೊಸಬನಲ್ಲ. 1960ರ ದಶಕದ ಆರಂಭದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟಿನ ನಿರಾಶ್ರಿತರು ನೆಲೆ ನಿಂತಾಗಿನಿಂದ ಮೋಮೋ ನಮ್ಮ ರಾಜ್ಯದಲ್ಲೇ ಬೇಯುತ್ತಿದೆ. ಚಟ್ನಿ ಖಾರವಾಗಿತ್ತು, ಹೊದಿಕೆ ದಪ್ಪವಾಗಿತ್ತು. ಅಕ್ಕಿತರಿ ಕಡುಬು ಮಾಡುವ ನಮ್ಮ ಮನೆಯ ಹೆಂಗಸರು ಇದನ್ನು ಎರಡನೇ ದರ್ಜೆಗೆ ಇಳಿಸುವುದರಲ್ಲಿ ಸಂದೇಹವಿಲ್ಲ.

ಗೋಬಿ ಮಂಚೂರಿಯ ಗಾಡಿಯಲ್ಲಿ ಜನ ಮುತ್ತಿದ್ದರು. ಒಂದು ಸಂಗತಿ ಗಮನಕ್ಕೆ ಬಂತು: ಬಣ್ಣ ಇರಲಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ, ಬಣ್ಣದ ಬಾಂಬೆ ಮಿಠಾಯಿಯನ್ನೂ ನಿಷೇಧಿಸಿತಷ್ಟೆ. ಮಿಠಾಯಿಯಲ್ಲಿ ಬಟ್ಟೆಗೆ ಹಾಕುವ ರೋಡಮಿನ್-ಬಿ ಎಂಬ ಬಣ್ಣ ಪರೀಕ್ಷೆಯಲ್ಲಿ ಸಿಕ್ಕಿತ್ತು. ಈಗ ಗೋಬಿ ಕಂದು ಬಣ್ಣಕ್ಕೆ ತಿರುಗಿದೆ, ಗಿರಾಕಿಗಳು ಕಡಿಮೆಯಾಗಿಲ್ಲ. ಬಣ್ಣವಿಲ್ಲದಿದ್ದರೆ ಜನ ಮುಟ್ಟುವುದಿಲ್ಲ ಎಂಬ ವಾದವನ್ನು ಅಂಗಡಿಯವರು ವರ್ಷಾನುಗಟ್ಟಲೆ ಹೇಳಿಕೊಂಡು ಬಂದಿದ್ದರು.

ಬರ್ಗರ್ ಎಂಬ ಬನ್ನನ್ನು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಹೇಳುವುದಕ್ಕೆ ಏನೂ ಇಲ್ಲ.

ಹಲಸಿನ ಗಾಡಿಯ ಬಳಿ ಮಾತ್ರ ನಾವು ಅರ್ಧ ಗಂಟೆ ನಿಂತೆವು. ಎಳೆ ಹಲಸಿನಕಾಯಿಯನ್ನು ಬೇಯಿಸಿ, ಕಾಳುಮೆಣಸು, ಶುಂಠಿ, ಬೆಳ್ಳುಳ್ಳಿ ಅರೆದು ಹಚ್ಚಿ, ಕಡ್ಡಿಗೆ ಪೋಣಿಸಿ ಸುಟ್ಟು ಕೊಡುತ್ತಾರೆ. ಹಲಸಿನ ಕಬಾಬು. ನಾಲ್ಕು ತುಂಡಿಗೆ 100 ರೂಪಾಯಿ. ಮಾಂಸ ತಿನ್ನದವರು ಮಾಂಸದ ಆಸೆಗೂ, ತಿನ್ನುವವರು ಬದಲಾವಣೆಗೂ ತಿನ್ನುತ್ತಿದ್ದರು. ಒಂಬತ್ತು ಗಾಡಿಗಳಲ್ಲಿ ನಿಜವಾಗಿ ರುಚಿಯಾಗಿದ್ದ ಪದಾರ್ಥ ಇದೊಂದೇ ಎಂಬುದು ನನ್ನ ಅಭಿಪ್ರಾಯ. ಮಾಡುತ್ತಿದ್ದ ಹುಡುಗ ಹಾಸನದವನು. ಬೆಂಗಳೂರಿನ ಹೋಟೆಲಿನಲ್ಲಿ ಆರು ವರ್ಷ ದುಡಿದು ಬಂದವನು.

"ಕಾಯಿ ಎಲ್ಲಿಂದ ತರ್ತೀಯಪ್ಪ?" ಎಂದು ಕೇಳಿದೆ.

"ಮಾರ್ಕೆಟ್ಟಿಂದ ಸಾರ್. ಸಿಪ್ಪೆ ತೆಗೆದು ಕೊಡೋರಿದ್ದಾರೆ, ಕೆ.ಜಿ. ಲೆಕ್ಕ. ಸಿಗದೇ ಇದ್ರೆ ಆವತ್ತು ಗಾಡಿ ಬಂದ್."

ನಮ್ಮ ನಿರ್ದೇಶಕರು ನಕ್ಕುಬಿಟ್ಟರು. ಅವರ ತೋಟದಲ್ಲಿ ನೆರಳಿಗೆಂದು ಉಳಿಸಿಕೊಂಡ ಹಲಸಿನ ಮರಗಳೇ ನಲವತ್ತಕ್ಕೆ ಕಡಿಮೆಯಿಲ್ಲ. ಹಣ್ಣಾಗುವ ಹೊತ್ತಿಗೆ ಆನೆ ಬರುತ್ತದೆಂದು ಆಳು ಹಚ್ಚಿ ಕಾಯಿ ಕೀಳಿಸಿ ಗುಂಡಿಗೆ ಹಾಕಿಸುತ್ತಾರೆ. ಬಿಕ್ಕೋಡು, ಅರೇಹಳ್ಳಿ ಕಡೆಯ ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ; ಹಲಸಿನ ವಾಸನೆಗೆ ಬಂದ ಆನೆ ಕಾಫಿ ಗಿಡವನ್ನು ಬಳಸಿಕೊಂಡು ಹೋಗುವುದಿಲ್ಲ. ಕೂಲಿ ಕೊಟ್ಟು ನಾವು ಹೂಳುವ ಕಾಯಿಗೆ ಅಲ್ಲೇ ಹತ್ತಿರದಲ್ಲಿ ದುಡ್ಡು ಕೊಡುವವನೊಬ್ಬ ಕಾದಿದ್ದಾನೆ. ನಿರ್ದೇಶಕರು ಹುಡುಗನ ದೂರವಾಣಿ ಸಂಖ್ಯೆಯನ್ನು ಬರೆದುಕೊಂಡರು. ಮರುವಾರವೇ ಎರಡು ಚೀಲ ಹೋಯಿತು ಎಂದು ಕೇಳಿದ್ದೇನೆ.

ಇನ್ನು ಕಾಫಿಯ ವಿಚಾರ. ನಾವು ಹೋದದ್ದೇ ಅದಕ್ಕೆ.

ಚಿಕ್ಕಮಗಳೂರು ಬೇಲೂರಿನಿಂದ 25 ಕಿಲೋಮೀಟರ್. ತಾಲ್ಲೂಕಿನ ಪಡುವಣ ಭಾಗ ಪೂರಾ ಕಾಫಿ. ಆದರೂ ಒಂಬತ್ತು ಗಾಡಿಗಳ ಪೈಕಿ ಬಿಸಿ ಕಾಫಿ ಕೊಡುತ್ತಿದ್ದುದು ಎರಡೇ. ಒಂದರಲ್ಲಿ ಕರಗುವ ಪುಡಿ. ಇನ್ನೊಂದರಲ್ಲಿ ಫಿಲ್ಟರ್ ಕಾಫಿ ಎಂದು ದೊಡ್ಡದಾಗಿ ಬರೆದಿತ್ತು. ಡಿಕಾಕ್ಷನ್ ಬೆಳಿಗ್ಗೆಯದು, ಚಿಕೋರಿಯ ಕಹಿ ನಾಲಗೆಯಲ್ಲಿ ಉಳಿಯಿತು. ಚಿಕೋರಿ ನಮ್ಮ ಬೆಳೆಯಲ್ಲ, ಗುಜರಾತು ಮತ್ತು ಉತ್ತರ ಪ್ರದೇಶದ ಗೆಡ್ಡೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇಕಡಾ 51ಕ್ಕೆ ಕಡಿಮೆ ಇರಬಾರದು, ಎಷ್ಟಿದೆಯೆಂದು ಪೊಟ್ಟಣದ ಮೇಲೆ ಬರೆದಿರಬೇಕು ಎಂದು ಕಾನೂನು ಹೇಳುತ್ತದೆ. ಲೋಟದ ಮೇಲೆ ಬರೆಯಬೇಕೆಂದು ಹೇಳುವುದಿಲ್ಲವಲ್ಲ!

ಮೂರನೆಯ ಗಾಡಿಯಲ್ಲಿ ತಣ್ಣನೆಯ ಕಾಫಿ. ಹಾಲು, ಐಸ್‌ಕ್ರೀಮು, ಚಾಕಲೇಟಿನ ಪಾಕ, ಅದರೊಳಗೆ ಒಂದು ಚಮಚ ಕರಗುವ ಪುಡಿ. ಎತ್ತರದ ಲೋಟಕ್ಕೆ 90 ರೂಪಾಯಿ. ಜನ ಸಾಲು ನಿಂತು ಕುಡಿದರು, ನಮ್ಮ ಯುವ ಸದಸ್ಯರೂ ಸೇರಿ. ನಾನು ಅಲ್ಲೇ ಕಿಸೆಯಿಂದ ಚೀಟಿ ತೆಗೆದು ಲೆಕ್ಕ ಹಾಕಿದೆ. ಸದಸ್ಯರೂ ಒಮ್ಮೆ ಹಾಕಿ ನೋಡಲಿ.

ಒಣಗಿಸಿದ ರೊಬಸ್ಟಾ ಚೆರ್ರಿ 50 ಕಿಲೋ ಚೀಲಕ್ಕೆ ಲೆಕ್ಕದ ಅನುಕೂಲಕ್ಕಾಗಿ 10,000 ರೂಪಾಯಿ ಎಂದು ಹಿಡಿಯೋಣ. 2024–25ರಲ್ಲಿ ಬೆಲೆ ಎಂದೂ ಕಾಣದ ಎತ್ತರಕ್ಕೆ ಏರಿದ್ದನ್ನು ಕಂಡಿದ್ದೇವೆ, ಇಳಿಯುವುದನ್ನೂ ಬಲ್ಲೆವು. ನಿಮ್ಮ ನಿಮ್ಮ ಬೆಲೆಯನ್ನು ಹಾಕಿಕೊಳ್ಳಿ. ಒಂದು ಚೀಲದಿಂದ ಬೇಳೆ ಸುಮಾರು 26 ಕಿಲೋ ಇಳಿಯುತ್ತದೆ. ಎಂದರೆ ಬೇಳೆ ಕಿಲೋಗೆ 385 ರೂಪಾಯಿ. ಕರಗುವ ಪುಡಿ ಒಂದು ಕಿಲೋ ಆಗಬೇಕಾದರೆ 2.6 ಕಿಲೋ ಬೇಳೆ ಬೇಕೆಂಬುದು ಅಂತರರಾಷ್ಟ್ರೀಯ ಕಾಫಿ ಸಂಸ್ಥೆ ಬಳಸುವ ಲೆಕ್ಕ. ಚಮಚದ ಪುಡಿ 2 ಗ್ರಾಂ ಆದರೆ ಬೇಳೆ 5.2 ಗ್ರಾಂ. ಅದರ ಬೆಲೆ 2 ರೂಪಾಯಿ. 90 ರೂಪಾಯಿಯ ಲೋಟದಲ್ಲಿ ಬೆಳೆಗಾರನದು 2 ರೂಪಾಯಿ! ಐಸ್‌ಕ್ರೀಮಿನವನ ಪಾಲು ನಮಗಿಂತ ಹೆಚ್ಚು.

ಈ ಲೆಕ್ಕವನ್ನು ಕೇಳಿ ಯುವಕರಿಗೆ ಇನ್ನಷ್ಟು ಹುರುಪು ಬಂತು. "ಅದಕ್ಕೇ ಸಾರ್, ನಾವೇ ಮಾರಬೇಕು ಅನ್ನೋದು" ಎಂದರು. ಅವರ ಮಾತಿಗೆ ಹಿಂದಿನ ಆಧಾರವೂ ಇದೆ. ಕಾಫಿಯನ್ನು ಲೋಟದಲ್ಲಿಯೇ ಜನರಿಗೆ ಮುಟ್ಟಿಸಬೇಕೆಂಬ ಯೋಚನೆ ಬೆಳೆಗಾರರ ಸೆಸ್ ಹಣದಿಂದಲೇ ಹುಟ್ಟಿತು. ಬೆಲೆ ಕುಸಿದಿದ್ದ 1930ರ ದಶಕದಲ್ಲಿ ಕಾಫಿ ಸೆಸ್ ಸಮಿತಿ 1936ರಲ್ಲಿ ಮುಂಬಯಿಯ ಚರ್ಚ್‌ಗೇಟ್‌ನಲ್ಲಿ ಮೊದಲ ಇಂಡಿಯಾ ಕಾಫಿ ಹೌಸನ್ನು ತೆರೆಯಿತು. 1950ರ ದಶಕದಲ್ಲಿ ಕಾಫಿ ಮಂಡಳಿ ಅವನ್ನು ಮುಚ್ಚತೊಡಗಿದಾಗ ಅಲ್ಲಿನ ಕೆಲಸಗಾರರು ಸಹಕಾರ ಸಂಘ ಕಟ್ಟಿಕೊಂಡು ನಡೆಸಿದರು. ಬೆಂಗಳೂರಿನ ಸಂಘ 1957ರದು, ಅದರ ಕಾಫಿ ಹೌಸ್ ಈಗಲೂ ಚರ್ಚ್ ಸ್ಟ್ರೀಟಿನಲ್ಲಿದೆ. ಬಡಿಸುವವರ ಸಹಕಾರ ಸಂಘ ಉಳಿಯಿತು. ಬೆಳೆಯುವವರದೇಕೆ ಆ ದಾರಿ ಹಿಡಿಯಲಿಲ್ಲ? ಪೂಲ್ ಪದ್ಧತಿಯಲ್ಲಿ ನಮಗೆ ದಾರಿಯೇ ಇರಲಿಲ್ಲ. 1942ರ ಕಾಯಿದೆಯಂತೆ ಬೆಳೆದದ್ದೆಲ್ಲ ಮಂಡಳಿಗೆ ಹೋಗುತ್ತಿತ್ತು. 1992ರಲ್ಲಿ ಶೇಕಡಾ 30ರಷ್ಟನ್ನು ಒಳನಾಡಿನಲ್ಲಿ ನಾವೇ ಮಾರಬಹುದೆಂದಾಯಿತು, 1996ರ ಹೊತ್ತಿಗೆ ಪೂರ್ತಿ ಕೈಬಿಟ್ಟರು. ಅಂದಿನಿಂದ ಇಂದಿನವರೆಗೆ ನಾವು ಚೀಲ ಹೊಲಿಯುವುದನ್ನು ಬಿಟ್ಟು ಮುಂದಿನ ಮೆಟ್ಟಿಲು ಹತ್ತಿಲ್ಲ ಎಂದು ಯುವಕರು ಹೇಳಿದರೆ ಮರುಮಾತಿಲ್ಲ.

ಹೊರದೇಶದ ಉದಾಹರಣೆಯನ್ನೂ ಅವರು ಅರ್ಜಿಯಲ್ಲಿ ಕೊಟ್ಟಿದ್ದಾರೆ. ಅಮೆರಿಕದ ಟೆಕ್ಸಾಸ್‌ನಲ್ಲಿ ದನ ಹೊಡೆದುಕೊಂಡು ಹೋಗುವವರಿಗಾಗಿ ಚಾರ್ಲ್ಸ್ ಗುಡ್‌ನೈಟ್ ಎಂಬಾತ 1866ರಲ್ಲಿ ಅಡುಗೆಯ ಬಂಡಿ ಕಟ್ಟಿಸಿದನಂತೆ. 2008ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ರಾಯ್ ಚೋಯ್ ಎಂಬ ಅಡುಗೆಯವನು ಕೊರಿಯದ ಸುಟ್ಟ ಮಾಂಸವನ್ನು ಮೆಕ್ಸಿಕೋದ ರೊಟ್ಟಿಯಲ್ಲಿ ಸುತ್ತಿ ಗಾಡಿಯಿಂದ ಮಾರಿ, ಬೀದಿ ತಿಂಡಿಗೆ ದೊಡ್ಡ ಹೋಟೆಲಿನ ಮರ್ಯಾದೆ ತಂದುಕೊಟ್ಟ. ಇದು ನಿಜ. ಆದರೆ ಲಾಸ್ ಏಂಜಲೀಸ್ ಊರಿನಲ್ಲಿ ಪ್ರತಿ ರಾತ್ರಿ ಗಿರಾಕಿ ಸಿಗುತ್ತಾರೆ. ಬೇಲೂರಿನಲ್ಲಿ ತೇರು ವರ್ಷಕ್ಕೊಮ್ಮೆ. ಹತ್ತಿರದ ಉದಾಹರಣೆ ಬೇಕಾದರೆ ನಮ್ಮ ರಾಜ್ಯದ್ದೇ ಇದೆ: ಸ್ತ್ರೀಶಕ್ತಿ ಒಕ್ಕೂಟಗಳ ಮೂಲಕ 'ಸವಿರುಚಿ' ಎಂಬ ಸಂಚಾರಿ ಕ್ಯಾಂಟೀನುಗಳನ್ನು ನಡೆಸುವ ಯೋಜನೆ 2017ರಲ್ಲಿ ಬಂತು. ಗಾಡಿ ಕೊಳ್ಳುವುದಕ್ಕೆ ಸಾಲ ಸಿಕ್ಕಿತು ಎಂದ ಮಾತ್ರಕ್ಕೆ ಗಾಡಿಯ ಮುಂದೆ ದಿನವೂ ಜನ ನಿಲ್ಲುತ್ತಾರೆಯೇ ಎಂಬುದೇ ಇಂಥ ಎಲ್ಲ ಗಾಡಿಗಳ ಪ್ರಶ್ನೆ.

ಆದ್ದರಿಂದ ಗಾಡಿಯ ಲೆಕ್ಕವನ್ನೂ ಹಾಕಿದೆ. ಮೇಲೆ ಹೇಳಿದ ಒಂದು ಚೀಲದ 26 ಕಿಲೋ ಬೇಳೆ ಹುರಿದಾಗ ತೂಕ ಇಳಿದು 22 ಕಿಲೋ ಪುಡಿಯಾಗುತ್ತದೆ. ಲೋಟಕ್ಕೆ 10 ಗ್ರಾಂನಂತೆ 2,200 ಲೋಟ. ಚಿಕೋರಿ ಬೆರೆಸುವುದಿಲ್ಲ ಎಂಬುದು ನಮ್ಮ ಪ್ರತಿಜ್ಞೆ ಎಂದಿಟ್ಟುಕೊಳ್ಳೋಣ. ಒಂದು ಲೋಟಕ್ಕೆ ಕಾಫಿ ನಾಲ್ಕೂವರೆ ರೂಪಾಯಿ, ಸಂಸ್ಕರಣೆ, ಹುರಿತ, ಬೀಸುವಿಕೆಗೆ 1 ರೂಪಾಯಿ, ಹಾಲು 100 ಮಿಲಿಲೀಟರಿಗೆ 5, ಸಕ್ಕರೆಗೆ 50 ಪೈಸೆ, ಕಾಗದದ ಲೋಟಕ್ಕೆ 1. ಒಟ್ಟು 12 ರೂಪಾಯಿ. 20 ರೂಪಾಯಿಗೆ ಮಾರಿದರೆ ಉಳಿತಾಯ 8. ಗಾಡಿಗೆ ಇಬ್ಬರು ಬೇಕು, ದಿನಕ್ಕೆ 1,400 ಸಂಬಳ. ಡೀಸೆಲ್, ಗ್ಯಾಸ್, ಜಾಗದ ಶುಲ್ಕ ಸೇರಿ 700. ಈ 2,100 ರೂಪಾಯಿ ಹುಟ್ಟಬೇಕಾದರೇ 260 ಲೋಟಕ್ಕೂ ಹೆಚ್ಚು ಹೋಗಬೇಕು. ಆಮೇಲೆ 6 ಲಕ್ಷದ ಬಡ್ಡಿ, ಗಾಡಿಯ ಸವಕಳಿ.

ತೇರಿನ ದಿನ 260 ಅಲ್ಲ, ಸಾವಿರ ಲೋಟವೂ ಹೋದೀತು. ಮಾಮೂಲಿ ಮಂಗಳವಾರ? ಅದನ್ನು ನೋಡಲೆಂದೇ ತೇರು ಕಳೆದು ಮೂರು ವಾರದ ಮೇಲೆ ಹಳೇಬೀಡಿಗೆ ಹೋದೆ. ಹೊಯ್ಸಳೇಶ್ವರನ ಗುಡಿಯ ಎದುರಿಗೆ ಬಸ್ಸುಗಳು ನಿಲ್ಲುವ ಕಡೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕುಳಿತಿದ್ದೆ. ಜನ ಬರುತ್ತಾರೆ, ಎಳನೀರು ಕುಡಿಯುತ್ತಾರೆ, ಸೌತೆಕಾಯಿ, ಮಾವಿನಕಾಯಿ ತಿನ್ನುತ್ತಾರೆ. ಬಿಸಿಲಿನಲ್ಲಿ ಬಿಸಿ ಕಾಫಿ ಕೇಳಿದವರು ಕಡಿಮೆ. ಒಬ್ಬನೇ ಕಾಫಿ-ಟೀ ಮಾರುವವನ ಹತ್ತಿರ ದಿನವಿಡೀ ನಾನು ಎಣಿಸಿದ್ದು 74 ಲೋಟ, ಅದರಲ್ಲಿ ಟೀಯೇ ಹೆಚ್ಚು. ಭಾನುವಾರ ಇದರ ಮೂರರಷ್ಟಾಗುತ್ತದೆ ಎಂದು ಅವನೇ ಹೇಳಿದ. ಅವನದು ತಳ್ಳುಗಾಡಿ, ಡೀಸೆಲ್ ಇಲ್ಲ, ಸಂಬಳವಿಲ್ಲ, ಹೆಂಡತಿ ಲೋಟ ತೊಳೆಯುತ್ತಾಳೆ. ಅವನಿಗೆ 74 ಸಾಕು. ನಮಗೆ ಸಾಲದು.

ಬೇಲೂರಿನ ತೇರಿನಲ್ಲಿ ಕುಡಿದ ಒಳ್ಳೆಯ ಕಾಫಿಯ ಮಾತು ಬಾಕಿ ಇದೆ. ಅದು ಟ್ರಕ್ಕಿನದಲ್ಲ. ಸಾಲಿನ ಕೊನೆಗೆ, ದೀಪದ ಬೆಳಕು ಸರಿಯಾಗಿ ಬೀಳದ ಕಡೆ, ವಯಸ್ಸಾದ ಗಂಡ ಹೆಂಡತಿ ಒಂದು ತಳ್ಳುಗಾಡಿ ಇಟ್ಟುಕೊಂಡು ಬೆಲ್ಲದ ಕಾಫಿ ಮಾಡುತ್ತಿದ್ದರು. ಹಾಲಿಲ್ಲದ ಕಪ್ಪು ಕಾಫಿ, ಚಿಟಿಕೆ ಕಾಳುಮೆಣಸಿನ ಪುಡಿ, ನಮ್ಮ ಮನೆಗಳಲ್ಲಿ ಮಳೆಗಾಲದ ಮುಂಜಾನೆ ಮಾಡುವಂಥದು. 10 ರೂಪಾಯಿ.

"ಪುಡಿ ಯಾರದಮ್ಮ?" ಎಂದು ಕೇಳಿದೆ.

"ನಮ್ಮದೇ ಅಣ್ಣ. ಅರ್ಧ ಎಕರೆ ಐತೆ. ಹಂಚಿನಾಗೆ ಹುರಿತೀನಿ, ಮಿಲ್ಲಿಗೆ ಹಾಕಿಸ್ತೀವಿ. ನೀವು ತೋಟದೋರಾ? ತೋಟದೋರಿಗೆ ನಾನು ಕಾಫಿ ಮಾರೋದಾ!" ಎಂದು ಆಕೆ ನಕ್ಕು, ದುಡ್ಡು ಬೇಡವೆಂದರು. ಕೊಟ್ಟು ಬಂದೆವು. ನಾನು ನಿಂತಿದ್ದ ಕಾಲು ಗಂಟೆಯಲ್ಲಿ ಮೂವರು ಹೊರ ಊರಿನವರು "ಈ ಪುಡಿ ಪೊಟ್ಟಣದಲ್ಲಿ ಸಿಗುತ್ತದೆಯೇ?" ಎಂದು ಕೇಳಿದರು. ಆಕೆಯ ಹತ್ತಿರ ಮಾರುವಷ್ಟು ಇರಲಿಲ್ಲ.

ಆ ಮೂವರ ಪ್ರಶ್ನೆಯಲ್ಲಿ ನಮ್ಮ ಸಂಘದ ವ್ಯಾಪಾರ ಅಡಗಿದೆ ಎಂದು ನನಗೆ ತೋರುತ್ತದೆ. ಲೋಟಕ್ಕೆ 10 ಗ್ರಾಂ ಮಾರುವುದಕ್ಕಿಂತ, ಲೋಟ ಕುಡಿದವನಿಗೆ ಕಾಲು ಕಿಲೋ ಪೊಟ್ಟಣ ಮಾರಿದರೆ ಇಪ್ಪತ್ತೈದು ಲೋಟ ಒಮ್ಮೆಗೇ ಹೋದಂತೆ, ಹಾಲು ಕಾಯಿಸುವ ತಂಟೆಯಿಲ್ಲ. ಬೆಲ್ಲದ ಕಾಫಿಗೆ ಹಾಲಿನ 5 ರೂಪಾಯಿಯೂ ಉಳಿಯುತ್ತದೆ.

ಅಡಿಕೆ ಬೆಳೆಗಾರರು ಇದುವರೆಗೆ ಓದುತ್ತ 'ನಮಗೇನು?' ಎಂದುಕೊಂಡಿರಬಹುದು. ಒಂಬತ್ತು ಗಾಡಿಗಳಲ್ಲಿ ಎಲ್ಲಕ್ಕೂ ಬೇಕಾದ ಒಂದು ವಸ್ತು ಇತ್ತು, ಅದು ತಟ್ಟೆ. ಥರ್ಮಕೋಲಿನ ತಟ್ಟೆ, ಪ್ಲಾಸ್ಟಿಕ್ಕಿನ ಚಮಚಗಳಿಗೆ 2022ರ ಜುಲೈ 1ರಿಂದ ದೇಶಕ್ಕೆಲ್ಲ ನಿಷೇಧವಿದೆ. ಆರು ಗಾಡಿಗಳವರು ಒಳಗೆ ಮೇಣದಂಥ ಪದರವಿರುವ ಕಾಗದದ ಬಟ್ಟಲು ಕೊಡುತ್ತಿದ್ದರು. ಗೋಬಿಯ ಸಾರು ಹತ್ತು ನಿಮಿಷದಲ್ಲಿ ತಳ ನೆನೆಸುತ್ತಿತ್ತು. ಅಡಿಕೆ ಹಾಳೆಯ ತಟ್ಟೆ ಕಂಡದ್ದು ಹಲಸಿನ ಹುಡುಗನಲ್ಲಿ ಮಾತ್ರ. ಉಳಿದವರನ್ನು ಏಕಪ್ಪ ಬಳಸುವುದಿಲ್ಲ ಎಂದು ಕೇಳಿದೆ. ಉತ್ತರ ಎಲ್ಲರದೂ ಹೆಚ್ಚು ಕಡಿಮೆ ಒಂದೇ. ಸಿಗುವ ತಟ್ಟೆ ಊಟದ್ದು, 10 ಅಂಗುಲ, 12 ಅಂಗುಲ. ಅದರ ಮೇಲೆ ಆರು ಮೋಮೋ ಇಟ್ಟರೆ ಬಡತನ ಕಾಣುತ್ತದೆ. ಗಾಡಿಯೊಳಗೆ ಜೋಡಿಸಿಡಲು ಜಾಗವಿಲ್ಲ. 6 ಅಂಗುಲದ ಆಳವಾದ ಬಟ್ಟಲು ಕೊಟ್ಟರೆ ಇವತ್ತೇ ತೆಗೆದುಕೊಳ್ಳುತ್ತೇವೆ ಎಂದರು.

ನಮ್ಮ ಅಡಿಕೆ ಸದಸ್ಯರು ಹೆಚ್ಚಾಗಿ ಜಾವಗಲ್, ಅರಸೀಕೆರೆ ಕಡೆಯವರಾದ್ದರಿಂದ ಈ ಮಾತನ್ನು ಕಿವಿಯಲ್ಲಿಟ್ಟುಕೊಂಡು ಅತ್ತ ಹೋದೆ. ಅರಸೀಕೆರೆ ಜಂಕ್ಷನ್ ಎಂದರೆ ನನ್ನ ಕಾಲೇಜು ದಿನಗಳ ಮೀಟರ್ ಗೇಜ್ ರೈಲು, ಇಂಜಿನ್ ಬದಲಿಸುವವರೆಗೆ ಕಿಟಕಿಯಲ್ಲಿ ಕೈ ಚಾಚಿ ಕೊಳ್ಳುತ್ತಿದ್ದ ಮುತ್ತುಗದ ಎಲೆಯ ಇಡ್ಲಿ ನೆನಪಾಗುತ್ತದೆ. ಈಗಲೂ ಸಂಜೆ ನಿಲ್ದಾಣದ ರಸ್ತೆಯಲ್ಲಿ ತಟ್ಟೆ ಇಡ್ಲಿ, ಬಜ್ಜಿ, ಚುರುಮುರಿ ಗಾಡಿಗಳು ಒತ್ತೊತ್ತಾಗಿ ನಿಲ್ಲುತ್ತವೆ, ಟ್ರಕ್ಕುಗಳ ಥಳಕು ಇಲ್ಲ. ಇಡ್ಲಿ ಎಲ್ಲ ಟ್ರಕ್ಕುಗಳಿಗಿಂತ ಮೃದುವಾಗಿತ್ತು. ಎಲೆ ಮಾತ್ರ ಮಾಯವಾಗಿ, ಸ್ಟೀಲು ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಬಂದಿದೆ; ಬಿಸಿ ಇಡ್ಲಿ ಅದರ ಮೇಲೆ ಬೀಳುವುದನ್ನು ನೋಡಿದರೆ ಹಸಿವು ಅರ್ಧ ಹೋಗುತ್ತದೆ.

ಜಾವಗಲ್ ಹಾದಿಯಲ್ಲಿ ಮಹಿಳೆಯರ ಸ್ವಸಹಾಯ ಗುಂಪೊಂದು ಹಾಳೆ ತಟ್ಟೆಯ ಎರಡು ಯಂತ್ರಗಳನ್ನು ನಡೆಸುತ್ತಿದೆ. ಹಾಳೆಯನ್ನು ನೆನೆಸಿ, ತಿಕ್ಕಿ ತೊಳೆದು, ನೀರು ಬಸಿದು, ಕಾದ ಅಚ್ಚಿನಲ್ಲಿ ಒತ್ತುತ್ತಾರೆ. ಬೇರೆ ಅಂಟಿಲ್ಲ, ರಾಸಾಯನಿಕವಿಲ್ಲ. ಅವರ ಕಷ್ಟ ಎರಡು. ಮದುವೆಯ ತಿಂಗಳು ಬಿಟ್ಟರೆ ದೊಡ್ಡ ತಟ್ಟೆಗೆ ಗಿರಾಕಿಯಿಲ್ಲ. ಮಳೆ ಹಿಡಿದ ಮೇಲೆ ಒಳ್ಳೆಯ ಹಾಳೆಯಿಲ್ಲ. ನೆಲಕ್ಕೆ ಬಿದ್ದು ನಾಲ್ಕು ದಿನ ನೆನೆದ ಹಾಳೆಗೆ ಬೂಷ್ಟು ಹಿಡಿದು ಕಪ್ಪಾಗುತ್ತದೆ. ನಮ್ಮ ತೋಟಗಳಲ್ಲಿ ಆಗುತ್ತಿರುವುದು ಇದೇ. ಒಂದು ಮರ ವರ್ಷಕ್ಕೆ ಐದರಿಂದ ಏಳು ಹಾಳೆ ಉದುರಿಸುತ್ತದೆ. 9 ಅಡಿ ಅಂತರದಲ್ಲಿ ಎಕರೆಗೆ 550 ಮರವೆಂದರೆ, ಮರಕ್ಕೆ ಆರರಂತೆ 3,300 ಹಾಳೆ. ಅರ್ಧ ಕೆಟ್ಟರೂ 1,650. ದೊಡ್ಡ ತಟ್ಟೆ ಒತ್ತಿ ಉಳಿದ ಅಂಚಿನಲ್ಲಿಯೇ 6 ಅಂಗುಲದ ಬಟ್ಟಲು ಒಂದಾದರೂ ಬರುತ್ತದೆ ಎಂದು ಗುಂಪಿನ ಮುಖ್ಯಸ್ಥೆ ಅಲ್ಲೇ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು. ಅಚ್ಚು ಮಾತ್ರ ಇಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಮುಚ್ಚಿಡುವಂತಿಲ್ಲ. 2025ರ ಮೇ ತಿಂಗಳಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳ ಆಮದನ್ನು ತಡೆಹಿಡಿಯುವ ಆದೇಶ ಹೊರಡಿಸಿತು. ಹಾಳೆಯಲ್ಲಿರುವ ಆಲ್ಕಲಾಯ್ಡುಗಳು ಆಹಾರಕ್ಕೆ ಇಳಿಯಬಹುದೆಂಬುದು ಅವರ ವಾದ. ತಲೆತಲಾಂತರದಿಂದ ಹಾಳೆಯಲ್ಲಿ ಉಂಡವರು ನಾವು ಎಂದು ಎದೆ ತಟ್ಟಿಕೊಂಡರೆ ಪರೀಕ್ಷಾಲಯ ಒಪ್ಪುವುದಿಲ್ಲ. ರಫ್ತಿಗೆಂದು ತಟ್ಟೆ ಮಾಡುತ್ತಿದ್ದ ಘಟಕಗಳಿಗೆ ಇದು ಪೆಟ್ಟು. ಅವರ ಮಾಲು ಒಳನಾಡಿಗೆ ತಿರುಗಿದರೆ ನಮ್ಮ ದೊಡ್ಡ ತಟ್ಟೆಗೆ ಪೈಪೋಟಿ ಹೆಚ್ಚುತ್ತದೆ. ಸಂಘದ ಹೆಸರು ಹಾಕಿ ಮಾರುವ ಮುಂಚೆ ನಮ್ಮ ಹಾಳೆಯ ಬಟ್ಟಲನ್ನು ಬಿಸಿ ಸಾರು, ಹುಳಿ ಪದಾರ್ಥ ಹಾಕಿ ಮಾನ್ಯತೆಯುಳ್ಳ ಪರೀಕ್ಷಾಲಯದಲ್ಲಿ ಪರೀಕ್ಷೆ ಮಾಡಿಸಬೇಕೆಂದು ನಾನು ಮಂಡಳಿಗೆ ಬರೆದುಕೊಟ್ಟಿದ್ದೇನೆ. ಖರ್ಚು ಬರುತ್ತದೆ, ಬರಲಿ. ತಿನ್ನುವವನ ತಟ್ಟೆಯ ಪ್ರಶ್ನೆ.

ಹೀಗಾಗಿ ಮಂಡಳಿಗೆ ನನ್ನ ಶಿಫಾರಸು ಇದು. ಈ ವರ್ಷ ಗಾಡಿ ಬೇಡ. ಮೋಟಾರು ವಾಹನ ಕಾಯಿದೆಯಂತೆ ವಾಹನದ ರೂಪ ಬದಲಿಸಲು ಸಾರಿಗೆ ಕಚೇರಿಯ ಅನುಮತಿ, 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಮೂರು ಊರಿನ ಸ್ಥಳೀಯ ಸಂಸ್ಥೆಗಳಲ್ಲಿ ಜಾಗದ ಏರ್ಪಾಡು, ಇವೆಲ್ಲ ಆಗುವಷ್ಟರಲ್ಲಿ ಮುಂದಿನ ತೇರು ಬಂದಿರುತ್ತದೆ. ಅದರ ಬದಲು ಆಹಾರ ಸುರಕ್ಷತಾ ನೋಂದಣಿ ಮಾಡಿಸಿ, ತೇರಿಗೆ ಮತ್ತು ಹಳೇಬೀಡಿನ ಭಾನುವಾರಗಳಿಗೆ ಒಂದು ತಳ್ಳುಗಾಡಿ ಬಾಡಿಗೆಗೆ ಹಿಡಿಯೋಣ. ಬೆಲ್ಲದ ಕಾಫಿ, ಕಾಲು ಕಿಲೋ ಪುಡಿಯ ಪೊಟ್ಟಣ, ಎರಡೇ ಸಾಮಾನು. ಪುಡಿಗೆ ಕಾಫಿ ಕೊಟ್ಟ ಸದಸ್ಯರಿಗೆ ಆ ವಾರದ ಪೇಟೆ ಬೆಲೆ ತಕ್ಷಣ, ಲಾಭ ಉಳಿದರೆ ವರ್ಷದ ಕೊನೆಗೆ ಪಾಲು. ಟ್ರಕ್ಕಿನವರಿಗೆ ಹಾಳೆ ಬಟ್ಟಲು, ಎಳೆ ಹಲಸು, ಕಾಳುಮೆಣಸಿನ ಪುಡಿಯನ್ನು ಸಂಘ ಒದಗಿಸಲಿ. ಅವರು ಓಡಾಡಲಿ, ಡೀಸೆಲ್ ಅವರದಿರಲಿ.

ಯುವಕರು ಇದನ್ನು ಒಪ್ಪಿಲ್ಲ. "ತಳ್ಳುಗಾಡಿ ಇಟ್ಟರೆ ತಳ್ಳುಗಾಡಿಯ ಬೆಲೆಯೇ ಸಿಗುತ್ತದೆ ಸಾರ್, ಗಾಡಿ ನೋಡಿ ಜನ 90 ಕೊಡುತ್ತಾರೆ" ಎಂದು ಅವರ ವಾದ. ಇದರಲ್ಲಿ ಸತ್ಯವಿದೆ ಎಂದು ದರಪಟ್ಟಿಗಳನ್ನು ನೋಡಿ ಬಂದ ನಾನೇ ಹೇಳಬೇಕು. ಆ 90ರ ಲೋಟವನ್ನು ಬೇಲೂರಿನ ಮಂಗಳವಾರ ಎಷ್ಟು ಜನ ಕೊಳ್ಳುತ್ತಾರೆ ಎಂಬುದಕ್ಕೆ ಅವರೂ ಒಂದು ತಿಂಗಳು ಲೆಕ್ಕ ಬರೆದು ತರಲು ಒಪ್ಪಿದ್ದಾರೆ. ಎರಡೂ ಲೆಕ್ಕಗಳು ಮಹಾಸಭೆಯ ಮುಂದೆ ಬರುತ್ತವೆ, ತೀರ್ಮಾನ ಸದಸ್ಯರದು.

ಅಷ್ಟರೊಳಗೆ ಅಡಿಕೆ ಸದಸ್ಯರು ಮಾಡಬಹುದಾದ ಕೆಲಸವೊಂದಿದೆ. ಹಾಳೆ ಬಿದ್ದ ದಿನವೇ ಅಥವಾ ಮಾರನೆಯ ದಿನ ಆರಿಸಿ, ಸೋಗೆ ಕತ್ತರಿಸಿ, ಬಿಸಿಲಲ್ಲಿ ಒಣಗಿಸಿ, ನೆಲ ತಾಗದಂತೆ ಅಟ್ಟದ ಮೇಲೆ ಇಡುವುದು. ಕೊಡಲು ಮನಸ್ಸಿರುವವರು ಎಕರೆ ಎಷ್ಟು, ಹಾಳೆ ಅಂದಾಜು ಎಷ್ಟು ಎಂದು ಕಚೇರಿಯಲ್ಲಿ ಬರೆಸಬೇಕು. 6 ಅಂಗುಲದ ಅಚ್ಚಿಗೆ ಮೂರು ಕಡೆಯಿಂದ ದರ ಕೇಳಿ ಪತ್ರ ಹೋಗಿದೆ. ಬಂದ ದರಪಟ್ಟಿ, ಮಾದರಿ ಬಟ್ಟಲು ಎರಡೂ ಸಭೆಯ ದಿನ ಮೇಜಿನ ಮೇಲಿರುತ್ತವೆ. ಆ ದಿನದ ಉಪ್ಪಿಟ್ಟನ್ನು ಅದರಲ್ಲೇ ಕೊಡುವಂತೆ ಹೇಳಿದ್ದೇನೆ.